ಅರ್ಧ ಲೋಟ ಟೀ

ಕಳೆದ ವರ್ಷ ಒಂದು ಸಂಜೆ ನನ್ನ ಭಾವನವರನ್ನು ಸಭೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಕುಡಿತ ಬಿಡಬೇಕೆನ್ನುವವರೂ ಬಿಟ್ಟವರೂ ವಾರವಾರ ಸೇರುವ ಸಭೆ ಅದು. ಊರು, ಜಾಗ ಬರೆಯುವುದಿಲ್ಲ. ಅಲ್ಲಿ ಕಂಡವರು, ಕೇಳಿದ್ದು ಅಲ್ಲೇ ಉಳಿಯಬೇಕು ಎನ್ನುವುದು ಅವರ ಕಟ್ಟಳೆ. ಗೇಟಿನ ಬಳಿ ಭಾವ ನಿಂತುಬಿಟ್ಟರು.

"ಒಳಗೆ ಗುರುತಿನವರು ಯಾರಾದ್ರೂ ಇದ್ರೆ?"

"ಇದ್ರೆ ಅವರೂ ಇದಕ್ಕೇ ಬಂದಿರ್ತಾರಲ್ಲ, ಭಾವ."

ಆ ಹತ್ತು ಹೆಜ್ಜೆ ದಾಟಲು ಕಾಲು ಗಂಟೆ ಬೇಕಾಯಿತು.

ಒಳಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ವಯಸ್ಸಾದವರೊಬ್ಬರು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಡುತ್ತಿದ್ದರು. ಎಲ್ಲರಿಗೂ ಲೋಟದ ತುಂಬ, ಭಾವನಿಗೆ ಮಾತ್ರ ಅರ್ಧ. ನನಗೆ ಒಳಗೊಳಗೇ ಬೇಸರವಾಯಿತು. ಆಮೇಲೆ ಭಾವನ ಕೈ ನೋಡಿದೆ. ಬೆಳಗಿನಿಂದ ಕುಡಿಯದ ಕೈ ಗಡಗಡ ನಡುಗುತ್ತಿತ್ತು. ಲೋಟ ತುಂಬಿದ್ದರೆ ಅಷ್ಟು ಜನರ ಎದುರು ಅಂಗಿಯ ಮೇಲೆ ಚೆಲ್ಲುತ್ತಿತ್ತು. ಹಿರಿಯರು ಏನೂ ಹೇಳಲಿಲ್ಲ. ಅರ್ಧ ಮುಗಿದ ಮೇಲೆ ಬಂದು ಇನ್ನರ್ಧ ಬಗ್ಗಿಸಿದರು.

ಎಷ್ಟೋ ವರ್ಷ ನಾವು ಮನೆಯವರು ಬೈದೆವು, ಅತ್ತೆವು, ಹರಕೆ ಹೊತ್ತೆವು, ದೇವರ ಮುಂದೆ ಆಣೆ ಮಾಡಿಸಿದೆವು. ಒಮ್ಮೆಯೂ ಲೋಟವನ್ನು ಅರ್ಧಕ್ಕೆ ನಿಲ್ಲಿಸುವುದು ನಮಗೆ ಹೊಳೆದಿರಲಿಲ್ಲ. ಒಂದು ಕಾಲಕ್ಕೆ ತನ್ನ ಕೈಯೂ ಹೀಗೆ ನಡುಗಿದ್ದವನಿಗೆ ಮಾತ್ರ ಅದು ಗೊತ್ತು.

ಇಂಥ ಸಭೆಗಳ ಮೂಲವೂ ಈ ತಿಳಿವಳಿಕೆಯೇ. 1935ರ ಮೇ ತಿಂಗಳು, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಪಟ್ಟಣ. ಕುಡಿತ ಬಿಟ್ಟು ಐದು ತಿಂಗಳಾಗಿದ್ದ ಬಿಲ್ ವಿಲ್ಸನ್, ವ್ಯವಹಾರ ಕೈಕೊಟ್ಟು ಹೋಟೆಲೊಂದರಲ್ಲಿ ಒಂಟಿಯಾಗಿ ನಿಂತಿದ್ದ. ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಆ ಹೊತ್ತಿಗೆ ತನ್ನನ್ನು ಉಳಿಸಬಲ್ಲವನು ಇನ್ನೊಬ್ಬ ಕುಡುಕ ಮಾತ್ರ ಎಂದು ಅವನಿಗೆ ಅನ್ನಿಸಿತು. ಅವರಿವರಿಗೆ ಫೋನ್ ಮಾಡಿ ಹುಡುಕಿದಾಗ ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಹದಿನೈದೇ ನಿಮಿಷ ಎಂದು ಒಪ್ಪಿ ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಆ ವರ್ಷದ ಜೂನ್ 10ರ ಬಳಿಕ ಅವರು ಕುಡಿಯಲಿಲ್ಲ. ಆ ದಿನವನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ ದಿನವೆಂದು ಎಣಿಸುತ್ತಾರೆ.

ಬಿಲ್ ಫೋನ್ ಮಾಡಿದ್ದು ಯಾರನ್ನೋ ಉದ್ಧಾರ ಮಾಡಲಿಕ್ಕಲ್ಲ, ತಾನು ಉಳಿಯಲಿಕ್ಕೆ. ಹೊಸಬನಿಗೆ ಹಳಬ ಎಷ್ಟು ಬೇಕೋ ಹಳಬನಿಗೂ ಹೊಸಬ ಅಷ್ಟೇ ಬೇಕು. ಹಾಗಾಗಿ ಅಲ್ಲಿ ಉಪಕಾರದ ಋಣ ಯಾರ ತಲೆಯ ಮೇಲೂ ಇಲ್ಲ. ಒಬ್ಬರು ಎದ್ದು ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ನಡುವೆ ಬಾಯಿ ಹಾಕುವವರಿಲ್ಲ, ಉಪದೇಶವಿಲ್ಲ. ಜನ್ಮವಿಡೀ ಕುಡಿಯುವುದಿಲ್ಲವೆಂಬ ಆಣೆಯನ್ನೂ ಕೇಳುವುದಿಲ್ಲ. ಇವತ್ತೊಂದು ದಿನ ಬೇಡ, ಅಷ್ಟೇ. ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಸದಸ್ಯತ್ವ.

ಇದನ್ನು ಬರಿಯ ಸಮಾಧಾನದ ಮಾತು ಎಂದುಕೊಳ್ಳಬೇಡಿ. 27 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2020ರ ಕಾಕ್ರೇನ್ ವಿಮರ್ಶೆ, ಕುಡಿತದಿಂದ ಪೂರ್ತಿ ದೂರ ಉಳಿಯುವ ವಿಷಯದಲ್ಲಿ ಈ ಸಭೆಗಳಿಗೆ ಜನರನ್ನು ಜೋಡಿಸುವ ಕ್ರಮಬದ್ಧ ಕಾರ್ಯಕ್ರಮಗಳು ಬೇರೆ ಪ್ರಸಿದ್ಧ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಡುತ್ತವೆ ಎಂದಿದೆ. ನಮ್ಮಲ್ಲೂ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ. ಶಿಬಿರ ಮುಗಿಯುತ್ತದೆ, ಊರಿನ ಬಾರ್ ಹಾಗೇ ಇರುತ್ತದೆ. ಹಾಗಾಗಿ ಆಮೇಲೂ ಸೇರುತ್ತಿರಲು ಒಂದು ಜಾಗ ಬೇಕು.

ಸಭೆ ಮುಗಿದ ಮೇಲೆ ಆ ಹಿರಿಯರು ನನ್ನನ್ನು ಬದಿಗೆ ಕರೆದು, "ನಾಳೆಯೇ ಡಾಕ್ಟರಿಗೆ ತೋರಿಸಿ. ನೀವಾಗಿಯೇ ಒಮ್ಮೆಲೇ ನಿಲ್ಲಿಸೋಕೆ ಹೋಗಬೇಡಿ" ಎಂದರು. ಇದನ್ನು ಎಲ್ಲರೂ ನೆನಪಿಡಬೇಕು. ದಿನವೂ ತುಂಬ ಕುಡಿಯುತ್ತಿದ್ದವರು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೂ ಅಪಾಯ. ಔಷಧದ ಕೆಲಸವನ್ನು ಸಭೆ ಮಾಡುವುದಿಲ್ಲ, ಸಭೆಯ ಕೆಲಸವನ್ನು ಔಷಧ ಮಾಡುವುದಿಲ್ಲ.

ಮೂರನೇ ತಿಂಗಳಲ್ಲಿ ಭಾವ ಮತ್ತೆ ಕುಡಿದರು. ಮನೆಯಲ್ಲಿ ನಾವೆಲ್ಲ ಕೈಚೆಲ್ಲಿ ಕೂತೆವು. ಸಭೆಯವರು ಮಾತ್ರ ಕುರ್ಚಿ ಎಳೆದು ಕೂರಿಸಿದರು, ಲೆಕ್ಕ ಮತ್ತೆ ಒಂದನೇ ದಿನದಿಂದ ಶುರುವಾಯಿತು. ಭಾವನನ್ನು ನೋಡಿಯೇ ಅಕ್ಕ ಕೂಡ ಕುಡಿಯುವವರ ಮನೆಯವರಿಗೆಂದು ಇರುವ ಅಲ್-ಅನಾನ್ ಸಭೆಗೆ ಹೋಗತೊಡಗಿದಳು. ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿಕೊಳ್ಳಲು ಅವಳಿಗೂ ಒಂದು ಜಾಗ ಬೇಕಿತ್ತು.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥವರೊಬ್ಬರು ಇರಬಹುದು. ಅವರಿಗೆ ಬುದ್ಧಿ ಹೇಳುವವರು ಈಗಾಗಲೇ ಬೇಕಾದಷ್ಟಿದ್ದಾರೆ. ನೀವು ಸಭೆ ಎಲ್ಲಿದೆ ಎಂದು ವಿಚಾರಿಸಿ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಚಿಕಿತ್ಸೆಯ ದಾರಿ ಕೇಳಿ. ಹೊರಗಿನವರನ್ನು ಬಿಡುವ ಮುಕ್ತ ಸಭೆಯಾದರೆ ಜೊತೆಗೇ ಒಳಗೆ ಹೋಗಿ, ಇಲ್ಲವಾದರೆ ಗೇಟಿನವರೆಗಾದರೂ ಹೋಗಿ. ಅವರು ಅಲ್ಲಿ ಕಾಲು ಗಂಟೆ ನಿಂತರೆ ನೀವೂ ನಿಲ್ಲಿ, ಅವಸರ ಮಾಡಬೇಡಿ.