ಗೇರ್ ನೋಡುತ್ತೇವೆ, ಕ್ಯಾರಿಯರ್ ನೋಡುವುದಿಲ್ಲ

ಹೊಸದಾಗಿ ಗೇರ್ ಸೈಕಲ್ ಕೊಂಡ ಯಾವ ಗೆಳೆಯನನ್ನಾದರೂ ಮಾತಾಡಿಸಿ ನೋಡಿ. ಎಷ್ಟು ಗೇರ್, ಯಾವ ಬ್ರೇಕ್, ಎಷ್ಟು ಕೆಜಿ ತೂಕ ಎಲ್ಲವನ್ನೂ ಪಟಪಟನೆ ಹೇಳುತ್ತಾನೆ. ಹಿಂದಿನ ಕ್ಯಾರಿಯರ್ ಯಾವ ಲೋಹದ್ದು, ಎಷ್ಟು ಭಾರ ಹೊರುತ್ತದೆ ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾನೆ. ಹೋದ ಡಿಸೆಂಬರ್‌ವರೆಗೆ ನಾನೂ ಅದೇ ಗುಂಪಿನವನು.

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮಾರನೇ ದಿನ ಹಾಸ್ಟೆಲಿನ ಗೆಳೆಯನೂ ನಾನೂ ಶಿವಮೊಗ್ಗದಿಂದ ಸೈಕಲ್ ಹತ್ತಿದೆವು. ಸಾಗರ, ಜೋಗ, ಹೊನ್ನಾವರ, ಅಲ್ಲಿಂದ ಗೋಕರ್ಣ. ನಾಲ್ಕು ದಿನದ ಲೆಕ್ಕ. ಹೆಲ್ಮೆಟ್, ಲೈಟು, ಮಳೆಗೆ ನೆನೆಯದ ಚೀಲ ಎಂದು ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡನ್ನು ಸುರಿದಿದ್ದ ನಾನು, ಕೊನೆಗೆ ಉಳಿದ ಚಿಲ್ಲರೆಯಲ್ಲಿ ಕ್ಯಾರಿಯರ್ ಕೊಂಡಿದ್ದೆ. ಕಪ್ಪು ಬಣ್ಣದ ಅಲ್ಯೂಮಿನಿಯಂ, ನೋಡಲು ಚೆಂದ. ಎಡಗಡೆ ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಅಡ್ಡ ಬರುತ್ತಿದ್ದರಿಂದ ಅಂಗಡಿಯ ಹುಡುಗ ಫ್ರೇಮಿಗೂ ಕ್ಯಾರಿಯರಿನ ಕಾಲಿಗೂ ನಡುವೆ ಒಂದು ಬುಷ್ ಕೊಟ್ಟು, ಉದ್ದನೆಯ ಬೋಲ್ಟ್ ಹಾಕಿ ಕೂರಿಸಿದ್ದ. ಅದರ ಎರಡೂ ಬದಿಗೆ ಚೀಲ ನೇತುಹಾಕಿ ಒಟ್ಟು 20 ಕೆಜಿ ಸಾಮಾನು ತುಂಬಿದೆ.

ಆನಂದಪುರ ದಾಟುವಾಗಲೇ ಹಿಂದಿನಿಂದ ಟಿಕ್ ಟಿಕ್ ಎಂಬ ಸದ್ದು ಶುರುವಾಗಿತ್ತು. ಚೀಲದ ಬಕಲ್ ಇರಬೇಕು ಎಂದುಕೊಂಡೆ. ಎರಡನೇ ದಿನ ಮಾವಿನಗುಂಡಿಯಿಂದ ಗೇರುಸೊಪ್ಪೆಯ ಕಡೆಗೆ ಘಟ್ಟ ಇಳಿಯುವಾಗ ಆ ಸದ್ದು ನಿಂತಿತು. ನಿಂತದ್ದು ಯಾಕೆಂದರೆ ಎಡಗಡೆಯ ಬೋಲ್ಟ್ ತುಂಡಾಗಿತ್ತು. ಪೂರ್ತಿ ಭಾರ ಬಲಗಾಲಿನ ಮೇಲೆ ಬಿದ್ದು ಅದರ ಬೆಸುಗೆ ಬಿಟ್ಟಿತು, ಚೀಲ ಚಕ್ರದ ಕಡ್ಡಿಗಳಿಗೆ ಸಿಕ್ಕಿತು, ಹಿಂದಿನ ಚಕ್ರ ನಿಂತೇಹೋಯಿತು. ನಾನು ರಸ್ತೆಯಲ್ಲಿ ಜಾರುತ್ತಾ ಹೋದದ್ದು, ಹಿಂದಿದ್ದ ಬಸ್ಸು ಕಿರ್ರನೆ ಬ್ರೇಕ್ ಹಾಕಿದ್ದು, ಡ್ರೈವರ್ ಇಳಿದು ಬಂದು ಮೊದಲು ಬೈದು ಆಮೇಲೆ ನೀರು ಕೊಟ್ಟದ್ದು, ಇಷ್ಟೇ ನೆನಪು. ಮೊಣಕೈಯ ಗಾಯ ಮಾಯ್ದಿದೆ. ಅಮ್ಮನಿಗೆ ಇಂದಿಗೂ ಬಸ್ಸಿನ ವಿಷಯ ಹೇಳಿಲ್ಲ. ಈ ಪುಟ ಓದಿದರೆ ಗೊತ್ತಾಗುತ್ತದೆ.

ಕೆಳಗಿನ ಊರಿನಲ್ಲಿ ಒಂದು ವೆಲ್ಡಿಂಗ್ ಶಾಪ್ ಸಿಕ್ಕಿತು. ಮುರಿದ ಕ್ಯಾರಿಯರನ್ನು ಕೈಯಲ್ಲಿ ಹಿಡಿದು ನೋಡಿದ ಅಣ್ಣ ತಲೆಯಾಡಿಸಿದರು. "ತಮಾ, ಇದು ಕಬ್ಬಿಣ ಅಲ್ಲ. ನಮ್ಮ ಮಷಿನ್ನಿಗೆ ಹಿಡಿಯೂದಿಲ್ಲ. ಕಬ್ಬಿಣದ್ದಾಗಿದ್ರೆ ಐದು ನಿಮಿಷದ ಕೆಲಸ." ಒಂದು ತುಂಡು ಸರಳನ್ನು ಮುರಿದ ಕಾಲಿಗೆ ಆನಿಸಿ, ಹಳೆ ಟ್ಯೂಬಿನ ಪಟ್ಟಿಯಿಂದ ಮುರಿದ ಕೈಗೆ ಕಟ್ಟುವಂತೆ ಬಿಗಿದು ಕಳಿಸಿದರು. ಹೇಗೋ ಹೊನ್ನಾವರ ಮುಟ್ಟಿ, ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ವಾಪಸ್ ಬಂದೆವು. ಗೋಕರ್ಣ ಇನ್ನೂ ಬಾಕಿ ಇದೆ.

ಆ ಅಣ್ಣ ಹೇಳಿದ ಮಾತಿನ ಕಾರಣ ನಮ್ಮ ಪಠ್ಯಪುಸ್ತಕದಲ್ಲೇ ಇದೆ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೆ ಕರಗುತ್ತದೆ. ಆದರೆ ಅದರ ಮೈಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿಗಿಂತ ಹೆಚ್ಚು ಬೇಕು. ಹಳ್ಳಿಯ ಸಾಮಾನ್ಯ ವೆಲ್ಡಿಂಗ್ ರಾಡಿನಿಂದ ಆಗುವ ಕೆಲಸ ಅದಲ್ಲ, ಟಿಗ್ ಮಷಿನ್ ಬೇಕು. ಅದು ಸಿಕ್ಕಿ ಬೆಸೆದರೂ ಬೆಸುಗೆಯ ಅಕ್ಕಪಕ್ಕ ಲೋಹ ಮೆತ್ತಗಾಗುತ್ತದೆ. ಇವೆಲ್ಲ ನನಗೆ ಪರೀಕ್ಷೆಯಲ್ಲಿ ಬರೆಯಲು ಗೊತ್ತಿತ್ತು. ಅಂಗಡಿಯಲ್ಲಿ ಕ್ಯಾರಿಯರ್ ಆರಿಸುವಾಗ ನೆನಪಾಗಲಿಲ್ಲ.

ಹಾಸ್ಟೆಲಿಗೆ ಬಂದ ಮೇಲೆ ಬೋಲ್ಟ್ ಯಾಕೆ ತುಂಡಾಯಿತು ಎಂದು ನೋಟ್‌ಬುಕ್ಕಿನ ಹಿಂದೆ ಲೆಕ್ಕ ಹಾಕಿದೆ. ಸ್ವಲ್ಪ ಗಣಿತ ಇದೆ, ಸಹಿಸಿಕೊಳ್ಳಿ. 20 ಕೆಜಿ ಎಂದರೆ ಹೆಚ್ಚುಕಡಿಮೆ 196 ನ್ಯೂಟನ್. ಕ್ಯಾರಿಯರಿನ ಭಾರವೆಲ್ಲ ಇಳಿಯುವುದು ಚಕ್ರದ ಅಚ್ಚಿನ ಪಕ್ಕದ ಎರಡು ಬೋಲ್ಟುಗಳ ಮೇಲೆ. ಒಂದೊಂದಕ್ಕೆ 98 ನ್ಯೂಟನ್. ನಮ್ಮ ಸೈಕಲ್ಲುಗಳಲ್ಲಿ ಇರುವುದು 5 ಮಿಲಿಮೀಟರಿನ ಎಂ5 ಬೋಲ್ಟ್, ಅದರ ಅಡ್ಡಕೊಯ್ತ ಸುಮಾರು 14 ಚದರ ಮಿ.ಮೀ. ಅಂದರೆ ಪ್ರತಿ ಚದರ ಮಿ.ಮೀ.ಗೆ ಬರೀ 7 ನ್ಯೂಟನ್. ತಲೆಯ ಮೇಲೆ 8.8 ಎಂದು ಗುರುತಿರುವ ಬೋಲ್ಟ್ 800ರವರೆಗಿನ ಎಳೆತ ತಡೆಯುತ್ತದೆ. ಏಳೆಲ್ಲಿ, ಎಂಟುನೂರೆಲ್ಲಿ? ಈ ಲೆಕ್ಕ ನೋಡಿದರೆ ಆ ಬೋಲ್ಟ್ ನನ್ನ ಮೊಮ್ಮಗನ ಕಾಲದವರೆಗೂ ಬಾಳಬೇಕಿತ್ತು.

ಆದರೆ ಆ ಲೆಕ್ಕ ಬೋಲ್ಟ್ ಬಿಗಿಯಾಗಿದ್ದಾಗ, ಕ್ಯಾರಿಯರಿನ ಕಾಲು ಫ್ರೇಮಿಗೆ ಅಂಟಿಕೊಂಡಿದ್ದಾಗ ಮಾತ್ರ. ನನ್ನದರಲ್ಲಿ ನಡುವೆ 15 ಮಿ.ಮೀ. ಬುಷ್ ಇತ್ತು, ಬೋಲ್ಟ್ ಸಡಿಲವಾಗಿತ್ತು. ಆಗ ಬೋಲ್ಟ್ ಗೋಡೆಗೆ ಹೊಡೆದ ಮೊಳೆಯ ತುದಿಗೆ ಬಿಂದಿಗೆ ನೇತುಹಾಕಿದಂತೆ ಬಾಗತೊಡಗುತ್ತದೆ. ಅದೇ 98 ನ್ಯೂಟನ್ ಈಗ ಬೋಲ್ಟಿನ ಬುಡದಲ್ಲಿ ಚದರ ಮಿ.ಮೀ.ಗೆ ಸುಮಾರು 217 ನ್ಯೂಟನ್ ಆಗುತ್ತದೆ. ಮೂವತ್ತು ಪಟ್ಟು! ಗುಂಡಿಗೆ ಚಕ್ರ ಇಳಿದಾಗ ಇದು ಇನ್ನೂ ಎರಡು ಮೂರು ಪಟ್ಟು. ಸಾಗರದ ರಸ್ತೆಯ ಗುಂಡಿಗಳನ್ನು ಎಣಿಸುವ ಧೈರ್ಯ ನನಗಿಲ್ಲ.

ಒಮ್ಮೆಗೆ ಮುರಿಯದ ಲೋಹ ಮತ್ತೆ ಮತ್ತೆ ಬಾಗಿ ಮುರಿಯುತ್ತದೆ ಎಂಬುದನ್ನು ಹತ್ತೊಂಬತ್ತನೇ ಶತಮಾನದಲ್ಲಿ ಆಗಸ್ಟ್ ವೋಲರ್ ಎಂಬ ಜರ್ಮನ್ ರೈಲ್ವೆ ಎಂಜಿನಿಯರ್ ರೈಲಿನ ಅಚ್ಚುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ. ಉಕ್ಕಿಗೆ ಒಂದು ಲಕ್ಷ್ಮಣರೇಖೆ ಇದೆ: ಅದರೊಳಗಿನ ಹೊರೆಯನ್ನು ಎಷ್ಟು ಲಕ್ಷ ಸಲ ಹೇರಿದರೂ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ರೇಖೆ ಇಲ್ಲ. ಹೊರೆ ಸಣ್ಣದಾದರೂ ಸಲಗಳು ಹೆಚ್ಚಾದಂತೆ ಆಯುಷ್ಯ ಕರಗುತ್ತಾ ಹೋಗುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ, ದಪ್ಪನೆಯ ಸರಳಿನಿಂದ ಚೆನ್ನಾಗಿ ಮಾಡಿದ ಅಲ್ಯೂಮಿನಿಯಂ ಕ್ಯಾರಿಯರ್ ಸಾವಿರಾರು ಕಿಲೋಮೀಟರ್ ಬಾಳುತ್ತದೆ. ದಿನಾ ಕಾಲೇಜಿಗೆ ಹೋಗಿಬರುವವರಿಗೆ ಅದು ಧಾರಾಳ ಸಾಕು. ನನ್ನ ವಿಷಯದಲ್ಲೂ ಮೊದಲ ತಪ್ಪು ಲೋಹದ್ದಲ್ಲ, ಆ ಟಿಕ್ ಟಿಕ್ ಕೇಳಿಯೂ ಇಳಿದು ನೋಡದ ನನ್ನದು. ಆದರೆ ಮನೆಯಿಂದ ನೂರು ಕಿಲೋಮೀಟರ್ ದೂರ ಹೋಗುವವರು ಆರಿಸಬೇಕಾದದ್ದು, ಮುರಿದರೆ ದಾರಿಯಲ್ಲೇ ರಿಪೇರಿ ಆಗುವಂಥದ್ದನ್ನು. ಅದು ಉಕ್ಕು.

ಉಕ್ಕು ಭಾರ ಅಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಭಾರ ಹೌದು, ಆದರೆ ಲೆಕ್ಕ ಅಷ್ಟು ಸರಳವಲ್ಲ. 8 ಮಿ.ಮೀ. ಗಟ್ಟಿ ಸರಳನ್ನೂ, 10 ಮಿ.ಮೀ. ಹೊರವ್ಯಾಸ ಮತ್ತು 1 ಮಿ.ಮೀ. ಗೋಡೆ ಇರುವ ಕೊಳವೆಯನ್ನೂ ಹೋಲಿಸಿ. ಕೊಳವೆಯ ತೂಕ ಸರಳಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಆದರೆ ಬಾಗದೆ ನಿಲ್ಲುವ ಗುಣ ಸರಳಿಗಿಂತ ಶೇ 44ರಷ್ಟು ಜಾಸ್ತಿ. ಬಿದಿರು ಒಳಗೆ ಪೊಳ್ಳಾಗಿರುವುದು ಸುಮ್ಮನೆ ಅಲ್ಲ. ಜರ್ಮನಿಯ ಟ್ಯೂಬಸ್ ಕಂಪನಿಯ ಕ್ಯಾರಿಯರುಗಳು ಕ್ರೋಮ್ ಮಾಲಿಬ್ಡಿನಂ ಉಕ್ಕಿನ ಇಂಥ ಕೊಳವೆಯಿಂದಲೇ ಆದವು. ಅದರ ಕಾರ್ಗೋ ಎಂಬ ಮಾದರಿ ಮುಕ್ಕಾಲು ಕೆಜಿಯನ್ನೂ ತೂಗುವುದಿಲ್ಲ, ಹೊರುವುದು 40 ಕೆಜಿ. ದೇಶ ದೇಶ ಸುತ್ತುವವರ ಸೈಕಲ್ಲಿನಲ್ಲಿ ಅದನ್ನು ನೋಡಬಹುದು. ಹಾಸ್ಟೆಲ್ ಮೆಸ್ ಬಿಲ್ಲಿಗೇ ಪರದಾಡುವ ನಮ್ಮಂಥವರ ಕೈಗೆ ಎಟುಕುವ ಬೆಲೆಯಲ್ಲ ಎಂಬುದು ಬೇರೆ ಮಾತು.

ಹಾಗಾದರೆ ನಾವೇನು ಮಾಡಬೇಕು? ಇದರ ಉತ್ತರ ನನಗೆ ಅಜ್ಜನ ಮನೆಯ ಕೊಟ್ಟಿಗೆಯಲ್ಲಿ ಸಿಕ್ಕಿತು. ಅಜ್ಜ ಇಪ್ಪತ್ತು ವರ್ಷ ಸೈಕಲ್ಲಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋದವನು. ಆ ಕರಿ ಸೈಕಲ್ ಈಗಲೂ ಇದೆ. ನನ್ನ ಮುರಿದ ಕ್ಯಾರಿಯರ್ ತೋರಿಸಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಮಗಾ, ಇದರ ಕಾಲು ಎಲ್ಲಿ ನಿಂತಿತ್ತು?" ಅವನ ಸೈಕಲ್ಲಿನಲ್ಲಿ ಕ್ಯಾರಿಯರಿನ ಕಾಲುಗಳು ನೇರವಾಗಿ ಹಿಂದಿನ ಚಕ್ರದ ಅಚ್ಚಿಗೇ, ದಪ್ಪ ನಟ್ಟಿನ ಕೆಳಗೆ ಕೂತಿವೆ. ಬುಷ್ ಇಲ್ಲ, 5 ಮಿಲಿಮೀಟರಿನ ಬೋಲ್ಟಿನ ಹಂಗಿಲ್ಲ. ಭಾರ ನೆಟ್ಟಗೆ ಅಚ್ಚಿಗೆ ಇಳಿಯುತ್ತದೆ. ವೋಲರನ ಹೆಸರೇ ಕೇಳದ ಅಜ್ಜನಿಗೆ ಗೊತ್ತಿದ್ದದ್ದು ಅಷ್ಟೇ, ಮತ್ತು ಅದು ಸಾಕಿತ್ತು.

ಗೇರ್ ಸೈಕಲ್ಲಿಗೆ ಅಚ್ಚಿನ ಮೇಲೆ ಕೂರಿಸುವುದು ಕಷ್ಟ. ಆದ್ದರಿಂದ ಊರಿನ ವೆಲ್ಡಿಂಗ್ ಶಾಪಿನಲ್ಲಿ ಕೂತು 8 ಮಿ.ಮೀ. ಕಬ್ಬಿಣದ ಸರಳಿನಲ್ಲಿ ಹೊಸ ಕ್ಯಾರಿಯರ್ ಮಾಡಿಸಿದೆ. ತೆಳು ಕೊಳವೆಯಲ್ಲಿ ಮಾಡಿಸುವ ಆಸೆ ಇತ್ತು, ಆದರೆ 1 ಮಿ.ಮೀ. ಗೋಡೆ ಅವರ ಮಷಿನ್ನಿಗೆ ತೂತಾಗುತ್ತದೆ. ಮೂರೂವರೆ ಮೀಟರ್ ಸರಳು, ಕಟ್ಟಡದ ಮೇಸ್ತ್ರಿಗಳ ಲೆಕ್ಕದಲ್ಲೇ ಸುಮಾರು 1.4 ಕೆಜಿ. ಮುರಿದದ್ದರ ಎರಡು ಪಟ್ಟು ತೂಕ, ಒಪ್ಪುತ್ತೇನೆ. ಒಂದು ಬಾಟಲಿ ನೀರು ಕಡಿಮೆ ಹೊತ್ತರೆ ಆಯಿತು. ಎಡಗಾಲನ್ನು ಕ್ಯಾಲಿಪರಿನ ಹೊರಗಿನಿಂದ ಬಗ್ಗಿಸಿ ತಂದು ಫ್ರೇಮಿಗೇ ತಾಗಿಸಿದ್ದೇವೆ, ಬುಷ್ ಬೇಕಾಗಲಿಲ್ಲ. ಒಂದೊಂದು ಬದಿಗೆ ಎರಡು ಕಾಲು, ತ್ರಿಕೋನದಂತೆ. ಒಂದೇ ನೇರ ಕಾಲಿನ ಕ್ಯಾರಿಯರ್ ತಿರುವಿನಲ್ಲಿ ಬಾಲದಂತೆ ಅಲ್ಲಾಡುತ್ತದೆ. ಪೆಡಲ್ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗದಷ್ಟು ಹಿಂದಕ್ಕೆ ಸರಿಸಿದ್ದೇವೆ. ಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಪೇಂಟು. ಕರಾವಳಿಯ ಗಾಳಿಗೆ ಉಕ್ಕು ತುಕ್ಕು ಹಿಡಿಯುತ್ತದೆ, ವರ್ಷಕ್ಕೊಮ್ಮೆ ಬಳಿಯಲೇಬೇಕು.

ಅಂಗಡಿಯಲ್ಲೇ ಕೊಳ್ಳುವವರಿಗೆ ಒಂದೆರಡು ಮಾತು. ಸೀಟಿನ ಕಂಬಕ್ಕೆ ಮಾತ್ರ ಕ್ಲ್ಯಾಂಪ್ ಹಾಕಿ ನಿಲ್ಲಿಸುವ ಕ್ಯಾರಿಯರ್ ಆನ್‌ಲೈನಿನಲ್ಲಿ ಬೇಕಾದಷ್ಟು ಸಿಗುತ್ತವೆ. ದೂರದ ಪ್ರವಾಸಕ್ಕೆ ಅವನ್ನು ಮುಟ್ಟಬೇಡಿ, ಭಾರ ಬಿದ್ದಂತೆ ಪಕ್ಕಕ್ಕೆ ತಿರುಗುತ್ತವೆ. ಬೋಲ್ಟ್ ಹಾಕುವಾಗ ನೀಲಿ ಬಣ್ಣದ ಥ್ರೆಡ್‌ಲಾಕರ್ ಒಂದು ಹನಿ ಬಿಡಿ, ತೂತು ಆರಪಾರ ಇದ್ದರೆ ಒಳಗಡೆಯಿಂದ ನೈಲಾಕ್ ನಟ್ ಹಾಕಿ. ಎರಡು ಬೋಲ್ಟ್ ಹೆಚ್ಚಿಗೆ ಇಟ್ಟುಕೊಳ್ಳಿ, ಸೀಟಿನ ಕೆಳಗೆ ಟೇಪು ಸುತ್ತಿದರೂ ಸಾಕು. ಭಾರದ ಸಾಮಾನು ಚೀಲದ ತಳದಲ್ಲಿರಲಿ, ಕ್ಯಾರಿಯರಿನ ನೆತ್ತಿಯ ಮೇಲೆ ಅಲ್ಲ. ಬೆಳಿಗ್ಗೆ ಹೊರಡುವ ಮುನ್ನ ಒಂದು ಸಲ ಎಲ್ಲ ಬೋಲ್ಟುಗಳಿಗೂ ಅಲೆನ್ ಕೀ ತಾಗಿಸಿ.

ಇನ್ನೊಂದು ಮಾತು ತಯಾರಕರಿಗೆ. ಕ್ಯಾರಿಯರುಗಳ ಪರೀಕ್ಷೆಗೆಂದೇ ಐಎಸ್‌ಒ 11243 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಎಷ್ಟು ಭಾರ ಹೊರಬಹುದು ಎಂಬುದನ್ನು ಕ್ಯಾರಿಯರಿನ ಮೇಲೆಯೇ ಗುರುತಿಸಬೇಕು ಎನ್ನುತ್ತದೆ ಅದು. ನಾನು ಕೊಂಡದ್ದರ ಮೇಲೆ ಕಂಪನಿಯ ಹೆಸರು ದಪ್ಪಕ್ಷರದಲ್ಲಿತ್ತು, ಭಾರದ ಅಂಕಿ ಎಲ್ಲೂ ಇರಲಿಲ್ಲ. ಬಿಸ್ಕತ್ ಪೊಟ್ಟಣದ ಮೇಲೂ ತೂಕ, ತಾರೀಖು ಅಚ್ಚಾಗಿರುತ್ತದೆ. ಲಾರಿ ಬಸ್ಸುಗಳ ನಡುವೆ ಓಡುವ ಸೈಕಲ್ಲಿನ ಹೊರೆ ಹೊರುವ ಭಾಗಕ್ಕೆ ಅದೂ ಬೇಡವೇ? ಹಾಗೆಯೇ ಹತ್ತಾರು ಸಾವಿರದ ಸೈಕಲ್ ಮಾರುವವರು ಅಚ್ಚಿನ ಪಕ್ಕ ಗಟ್ಟಿಯಾದ ಎರಡು ತೂತು ಕೊಡಲು ಜಿಪುಣತನ ಮಾಡಬಾರದು. ನಮ್ಮ ಹಾಸ್ಟೆಲಿನ ಎಷ್ಟೋ ಸೈಕಲ್ಲುಗಳಲ್ಲಿ ಕ್ಯಾರಿಯರ್ ಕೂರಿಸಲು ಜಾಗವೇ ಇಲ್ಲ. ಕೊಳ್ಳುವ ನಾವು ಕೇಳದಿದ್ದರೆ ಅವರು ಯಾಕೆ ಕೊಟ್ಟಾರು?

ಈ ಸೆಮಿಸ್ಟರ್ ಮುಗಿದ ಮೇಲೆ ಗೋಕರ್ಣಕ್ಕೆ ಮತ್ತೆ ಹೊರಡುತ್ತಿದ್ದೇವೆ, ಅದೇ ದಾರಿ. ಹೋದ ಭಾನುವಾರ ಹೊಸ ಕ್ಯಾರಿಯರನ್ನು ಅಜ್ಜನಿಗೆ ತೋರಿಸಲು ಒಯ್ದಿದ್ದೆ. ಅಂಗೈಯಿಂದ ಒತ್ತಿ ನೋಡಿದ, ಅಲ್ಲಾಡಿಸಿ ನೋಡಿದ, ಬಣ್ಣ ಚೆನ್ನಾಗಿಲ್ಲ ಎಂದ. ಆಮೇಲೆ ನನ್ನ ಕೈಯಿಂದ ಅಲೆನ್ ಕೀ ಕೇಳಿ ತೆಗೆದುಕೊಂಡು, ಎಡಗಡೆಯ ಬೋಲ್ಟನ್ನು ಇನ್ನೂ ಕಾಲು ಸುತ್ತು ಬಿಗಿ ಮಾಡಿದ.