ಗೇಯ್ಮೆ ಇದ್ದರೆ ಸಾಲದು

ಹೊಲದಲ್ಲಿ ಗೇಯುವ ಅಜ್ಜಿಯರಿಗೆ ಹೃದ್ರೋಗದ ಭಯವಿಲ್ಲ ಎಂದು ಲೇಖನವೊಂದು ಹೇಳುತ್ತದೆ. ಆ ಮಾತು ಕೇಳಲು ಹಿತ, ನಂಬಿದರೆ ಅಪಾಯ. ಗುಂಡ್ಲುಪೇಟೆ ಸೀಮೆಯಲ್ಲಿ ದಿನವಿಡೀ ಸೊಂಟ ಬಗ್ಗಿಸಿ ಚೆಂಡು ಹೂ ಬಿಡಿಸುವವರಿಗೂ ಬಿಪಿ, ಸಕ್ಕರೆ ಕಾಯಿಲೆ ಬರುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಗ್ಗಿ ಅಪಾಯ ಏರುತ್ತದೆ. ಹೆಂಗಸರಲ್ಲಿ ಹೃದಯಾಘಾತ ಎದೆನೋವಿಲ್ಲದೆಯೂ ಬರಬಹುದು: ಏದುಸಿರು, ವಾಕರಿಕೆ, ಬೆನ್ನು, ದವಡೆ ನೋವು. ಮನೆಯವರು ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿಸುತ್ತಾರೆ, ಬೇಕಿದ್ದದ್ದು ಇಸಿಜಿ.

ಗೋಪಾಲಸ್ವಾಮಿ ಬೆಟ್ಟವನ್ನು ನಡೆದೇ ಹತ್ತಲಿ ಎಂಬ ಅದೇ ಲೇಖನದ ಸಲಹೆಯಂತೂ ತಮಾಷೆ. ಅದು ಬಂಡೀಪುರದ ಹುಲಿ ಕಾಡು. ತಪ್ಪಲಿನಿಂದ ಮೇಲಕ್ಕೆ ಸಾರಿಗೆ ಬಸ್ಸೇ ಗತಿ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ. 65 ದಾಟಿದವರಿಗೆ ಸ್ನಾಯುಬಲ, ಸಮತೋಲನದ ಕಸರತ್ತೂ ಬೇಕು. ನಡೆಯಲು ಊರ ಬೀದಿಯೇ ಸಾಕು. ಅಜ್ಜಿಯರನ್ನು ಹೊಗಳುವ ಮೊದಲು ಅವರ ಬಿಪಿ ಅಳೆಸಿ.