ತಿಪ್ಪೆಗೊಬ್ಬರದ ರಾಗಿಗೂ ಅದೇ ತಕ್ಕಡಿ!

ತುಮಕೂರು ಜಿಲ್ಲೆಯಲ್ಲಿ ಮಳೆಗೆ ಬರ ಬರಬಹುದು, ಸಾವಯವ ಕೃಷಿಯ ಭಾಷಣಗಳಿಗೆ ಮಾತ್ರ ಬರವಿಲ್ಲ. ಶಾಮಿಯಾನ, ಮೈಕು, ಹಾರ ತುರಾಯಿ ಎಲ್ಲವೂ ಸಾಂಗವಾಗಿ ನಡೆಯುತ್ತವೆ. ವಿಷಮುಕ್ತ ಅನ್ನ ಬೆಳೆಯಿರಿ ಎಂದು ಅಧಿಕಾರಿ ಮಹಾಶಯರು ಅಪ್ಪಣೆ ಕೊಡಿಸುತ್ತಾರೆ. ಪುಢಾರಿಗಳು ತಲೆಯಾಡಿಸುತ್ತಾರೆ. ಕೊನೆಗೆ ಚಿತ್ರಾನ್ನ ತಿಂದು ಎಲ್ಲರೂ ಜೀಪು ಹತ್ತುತ್ತಾರೆ. ಹಿಂದೆ ಉಳಿಯುವವನು ರೈತ. ನೀನೇನಪ್ಪಾ ಹೇಳ್ತೀಯ ಎಂದು ಆ ಮೈಕನ್ನು ಅವನ ಬಾಯಿಗೆ ಹಿಡಿದವರಿಲ್ಲ.

ಗುಬ್ಬಿ ತಾಲ್ಲೂಕಿನಲ್ಲಿ ಅಂಥ ಒಬ್ಬ ರೈತನಿದ್ದಾನೆ. ಎರಡೂವರೆ ಎಕರೆ ಖುಷ್ಕಿ, ಎರಡು ಹಸು, ಮನೆಯಲ್ಲಿ ಐದು ಹೊಟ್ಟೆ. ಮೂರು ವರ್ಷದ ಹಿಂದೆ ಯೂರಿಯಾ ಬಿಟ್ಟ. ಬರುವ ಮುಂಗಾರಿಗೆ ಮತ್ತೆ ಹಾಕಬೇಕೋ ಬೇಡವೋ ಎಂಬುದೇ ಈಗ ಅವನ ಚಿಂತೆ. ಅವನ ಮಾತು ಕೇಳಿದರೆ ಸರ್ಕಾರದ ಆಹಾರ ನೀತಿಯ ಬಣ್ಣ ಬಯಲಾಗುತ್ತದೆ.

'ನಾನೇನು ವ್ರತ ಹಿಡಿದೋನಲ್ಲ ಸ್ವಾಮಿ' ಎನ್ನುತ್ತಾನೆ ಆತ. 'ಹೊಲ ಕಲ್ಲಾಗಿತ್ತು, ನೇಗಿಲು ಇಳೀತಿರ್ಲಿಲ್ಲ. ಮಳೆ ಬಿದ್ರೆ ನೀರು ನಿಲ್ಲದೆ ಹರಿದು ಹೋಗೋದು. ಅದಕ್ಕೇ ಬಿಟ್ಟೆ.'

ಬಿಟ್ಟ ಮೊದಲ ವರ್ಷ ಎಕರೆಗೆ ಹತ್ತು ಮೂಟೆ ಬರುತ್ತಿದ್ದ ರಾಗಿ ಆರಕ್ಕೆ ಇಳಿಯಿತು. ಎರಡನೇ ವರ್ಷ ಏಳು. ಮೂರನೇ ವರ್ಷ ಎಂಟೂವರೆ. ಮಣ್ಣು ಮೆದುವಾಗಿದೆ, ಎರೆಹುಳು ಕಾಣಿಸಿಕೊಂಡಿವೆ, ಮಳೆ ಹದಿನೈದು ದಿನ ಕೈಕೊಟ್ಟರೂ ಪೈರು ಬಾಡದೆ ನಿಲ್ಲುತ್ತದೆ. ಇದೆಲ್ಲ ಅವನಿಗೆ ಸಂತೋಷವೇ. ಆದರೆ ಆ ಮೂರು ವರ್ಷದಲ್ಲಿ ಕಳೆದುಹೋದ ಮೂಟೆಗಳ ಲೆಕ್ಕ ಸೊಸೈಟಿ ಸಾಲದ ಪುಸ್ತಕದಲ್ಲಿ ಹಾಗೇ ಕೂತಿದೆ. ಎರೆಹುಳುವನ್ನು ತೋರಿಸಿದರೆ ಸೊಸೈಟಿ ಸೆಕ್ರೆಟರಿ ಬಡ್ಡಿ ಬಿಡುವುದಿಲ್ಲ!

ಈಗ ಮಾರಾಟಕ್ಕೆ ಬನ್ನಿ. 2025-26ರ ಮುಂಗಾರು ರಾಗಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಸಾಮಾನ್ಯ ಭತ್ತಕ್ಕೆ ಕೊಟ್ಟದ್ದು 2,369. ಬೆಲೆ ಸಣ್ಣದೆಂದು ಯಾರೂ ಹೇಳುವಂತಿಲ್ಲ. ಆದರೆ ಖರೀದಿ ಕೇಂದ್ರದಲ್ಲಿ ನಡೆಯುವುದೇನು? ಯೂರಿಯಾ ಸುರಿದು ಬೆಳೆದ ಚೀಲವೂ ಅದೇ ತಕ್ಕಡಿಗೆ, ತಿಪ್ಪೆ ಹೊತ್ತು ಬೆಳೆದ ಚೀಲವೂ ಅದೇ ತಕ್ಕಡಿಗೆ. ಎರಡನ್ನೂ ಒಂದೇ ರಾಶಿಗೆ ಸುರಿದು, ಒಂದೇ ಲಾರಿಗೆ ತುಂಬಿ ಕಳಿಸುತ್ತಾರೆ. ತೇವ ಎಷ್ಟು, ಕಲ್ಲು ಎಷ್ಟು ಎಂದು ನೋಡುತ್ತಾರೆಯೇ ಹೊರತು ಯಾವ ಗೊಬ್ಬರದ್ದು ಎಂದು ಕೇಳುವ ಕಾಲಂ ಆ ರಿಜಿಸ್ಟರಿನಲ್ಲಿ ಇಲ್ಲ.

'ಭಾಷಣ ಮಾಡೋವಾಗ ನನ್ನ ರಾಗಿ ಅಮೃತ. ತಕ್ಕಡಿಗೆ ಹಾಕಿದಾಗ ಬರೀ ರಾಗಿ. ಇದ್ಯಾವ ನ್ಯಾಯ?' ಎಂಬುದು ಅವನ ಪ್ರಶ್ನೆ. ಉತ್ತರ ಕೊಡಬೇಕಾದವರು ಜೀಪಿನಲ್ಲಿ ಹೊರಟು ಹೋಗಿದ್ದಾರೆ.

ತಕ್ಕಡಿಯ ತನಕ ಹೋಗುವುದೇ ಒಂದು ಪಡಿಪಾಟಲು ಎಂಬುದು ಬೇರೆ ಮಾತು. ರಾಗಿ ಕಟಾವು ನವೆಂಬರ್, ಡಿಸೆಂಬರಿನಲ್ಲಿ ಮುಗಿದರೆ ಸರ್ಕಾರಿ ಖರೀದಿ ಸಾಮಾನ್ಯವಾಗಿ ಶುರುವಾಗುವುದು ಸಂಕ್ರಾಂತಿಯ ಆಸುಪಾಸು. ಸಾಲಗಾರ ಅಲ್ಲಿಯ ತನಕ ಕಾಯುತ್ತಾನೆಯೇ? ದಲ್ಲಾಳಿ ಕಣಕ್ಕೇ ಬಂದು ನಿಲ್ಲುತ್ತಾನೆ. 2021-22ರಲ್ಲಿ ಸಣ್ಣ ರೈತರಿಂದ ಮಾತ್ರ, ತಲೆಗೆ 20 ಕ್ವಿಂಟಲ್ ಮೀರದಂತೆ ಕೊಳ್ಳುತ್ತೇವೆ ಎಂದು ಮಿತಿ ಹಾಕಿದಾಗ ಈ ಭಾಗದ ರಾಗಿ ಬೆಳೆಗಾರರು ಬೀದಿಗಿಳಿದದ್ದನ್ನು ಜನ ಮರೆತಿಲ್ಲ.

ಒಂದು ಮೂಟೆಗೆ ನಾಲ್ಕು ಟನ್ನು

ಗೊಬ್ಬರದ ಲೆಕ್ಕವನ್ನೂ ನೋಡೋಣ. 45 ಕಿಲೋ ಬೇವುಲೇಪಿತ ಯೂರಿಯಾ ಮೂಟೆಗೆ ರೈತ ಕೊಡುವ ಬೆಲೆ 266 ರೂಪಾಯಿ 50 ಪೈಸೆ. ಉಳಿದ ಭಾರವನ್ನು ಸರ್ಕಾರ ಹೊರುತ್ತದೆ. ಆ ಮೂಟೆಯಲ್ಲಿ ನೂರಕ್ಕೆ 46ರಂತೆ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು ನೂರಕ್ಕೆ ಅರ್ಧ. ಅಂದರೆ ಒಂದು ಮೂಟೆ ಯೂರಿಯಾದ ಜಾಗ ತುಂಬಲು ಸುಮಾರು ನಾಲ್ಕು ಟನ್ನು ತಿಪ್ಪೆಗೊಬ್ಬರ ಬೇಕು. ಯೂರಿಯಾ ಸೈಕಲ್ಲಿನ ಕ್ಯಾರಿಯರ್ ಮೇಲೆ ಬರುತ್ತದೆ. ನಾಲ್ಕು ಟನ್ನು ತಿಪ್ಪೆಯನ್ನು ತುಂಬುವವರು ಯಾರು, ಸಾಗಿಸುವವರು ಯಾರು, ಹರಡುವವರು ಯಾರು?

ತಿಪ್ಪೆಯಾದರೂ ಎಲ್ಲಿದೆ? ಟ್ರ್ಯಾಕ್ಟರ್ ಬಂತು, ಜೋಡಿ ಎತ್ತು ಹೋಯಿತು. ಎತ್ತು ಹೋದ ಮೇಲೆ ತಿಪ್ಪೆಯೂ ಬಡವಾಯಿತು. ಇಂದು ಒಂದು ಲೋಡು ಗೊಬ್ಬರಕ್ಕೆ ಸಾವಿರಗಟ್ಟಲೆ ಕೇಳುತ್ತಾರೆ. ಹಿಂದೆ ಕುರಿಗಾರರು ಬಂದು ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಿದ್ದರು. ಹಿಕ್ಕೆಯೂ ಗಂಜಲವೂ ನೇರ ಮಣ್ಣಿಗೆ ಸೇರುತ್ತಿದ್ದವು. ಈಗ ಕುರಿ ಮೇಯಲು ಗೋಮಾಳವೇ ಉಳಿದಿಲ್ಲ. ಬದುವಿನ ಹೊಂಗೆ ಮರ ಕಡಿದು ಸೌದೆ ಮಾಡಿದ್ದಾಯಿತು. ಹೊಂಗೆ ಸೊಪ್ಪೂ ಇಲ್ಲ, ಹಿಂಡಿಯೂ ಇಲ್ಲ. ಇರುವ ಎರಡು ಹಸುವಿನ ಸಗಣಿ, ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಹಾಕಿ 200 ಲೀಟರ್ ಡ್ರಮ್ಮಿನಲ್ಲಿ ಜೀವಾಮೃತ ಕಲಸುತ್ತಾನೆ ಈ ರೈತ. ಕಲಸುವ ಕೂಲಿಯನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಏಕೆಂದರೆ ಕಲಸುವವಳು ಅವನ ಹೆಂಡತಿ.

ಸರ್ಕಾರದ ಒಲವು ಎಲ್ಲಿದೆ ಎಂದು ತಿಳಿಯಲು ಭಾಷಣ ಕೇಳಬೇಕಾಗಿಲ್ಲ, ಗಂಟು ನೋಡಿದರೆ ಸಾಕು. 2022-23ರ ಒಂದೇ ವರ್ಷದಲ್ಲಿ ಕೇಂದ್ರದ ರಸಗೊಬ್ಬರ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ರೂಪಾಯಿ ದಾಟಿತು. ಯುದ್ಧದಿಂದ ಬೆಲೆ ಏರಿದ ವರ್ಷ ಅದು ಎಂಬುದು ನಿಜ. ಆದರೂ 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ನೈಸರ್ಗಿಕ ಕೃಷಿಯ ರಾಷ್ಟ್ರೀಯ ಮಿಷನ್ನಿಗೆ ಒಟ್ಟಾರೆ ಇಟ್ಟದ್ದು 2,481 ಕೋಟಿ. ನೂರು ರೂಪಾಯಿ ಮೂಟೆಗೆ, ಒಂದು ರೂಪಾಯಿ ತಿಪ್ಪೆಗೆ!

ಉಣ್ಣುವವರು ಯಾರು?

ಈ ನೀತಿ ಹುಟ್ಟಿದ್ದಕ್ಕೂ ಕಾರಣವಿತ್ತು. 1965, 66ರ ಬರಗಾಲದಲ್ಲಿ ದೇಶ ಅಮೆರಿಕದ ಹಡಗುಗಳಿಗೆ ಕಾದು ಕೂತಿತ್ತು. 1966ರಲ್ಲಿ ಹೊರಗಿನಿಂದ ತರಿಸಿದ ಕಾಳು ಸುಮಾರು ಒಂದು ಕೋಟಿ ಟನ್ನು. ಭಾರತ ಆಹಾರ ನಿಗಮವೂ ಬೆಲೆ ಗೊತ್ತು ಮಾಡುವ ಆಯೋಗವೂ 1965ರಲ್ಲಿ ಹುಟ್ಟಿದವು. ಗೋಧಿ, ಅಕ್ಕಿ ಹೆಚ್ಚು ಬೆಳೆಯಬೇಕು, ಗೋದಾಮು ತುಂಬಬೇಕು ಎಂಬುದೇ ಆಗಿನ ಗುರಿ. ಗೋದಾಮು ತುಂಬಿತು, ಹಸಿವು ಹಿಂದೆ ಸರಿಯಿತು. ಅದನ್ನು ಅಲ್ಲಗಳೆಯುವವನು ಕೃತಘ್ನ. 'ನಮ್ಮಜ್ಜನ ಕಾಲದಲ್ಲಿ ಎಲ್ಲಾ ಸಾವಯವ, ಎಲ್ಲಾರ ಹೊಟ್ಟೆ ತುಂಬ್ತಿತ್ತು ಅನ್ನೋದು ಸುಳ್ಳು. ಮುದ್ದೆ ಅರ್ಧ ಮಾಡಿ ಉಂಡಿದ್ದು ನಮ್ಮಪ್ಪನಿಗೆ ನೆನಪೈತೆ' ಎಂದು ಈ ರೈತನೇ ಒಪ್ಪುತ್ತಾನೆ.

ಆದರೆ ಆ ಗೋದಾಮಿನ ಲೆಕ್ಕದಲ್ಲಿ ಅವನ ಹೊಲ ಕಾಣುವುದಿಲ್ಲ. ರಾಗಿ ಹೊಲದಲ್ಲಿ ಆತ ಅಕ್ಕಡಿ ಸಾಲು ಹಾಕುತ್ತಾನೆ. ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಹರಳು. ಮುದ್ದೆಗೆ ರಾಗಿ, ಸಾರಿಗೆ ಅವರೆ, ಚಟ್ನಿಗೆ ಹುಚ್ಚೆಳ್ಳು, ದನಕ್ಕೆ ಹುಲ್ಲು. ಒಂದು ಹೊಲದಲ್ಲಿ ಒಂದು ತಟ್ಟೆ ಊಟವೇ ಬೆಳೆಯುತ್ತದೆ. ಖರೀದಿ ಕೇಂದ್ರಕ್ಕೆ ಬೇಕಾದದ್ದು ರಾಗಿಯ ಕ್ವಿಂಟಲ್ ಮಾತ್ರ. ಅಕ್ಕಡಿಯ ನಾಲ್ಕು ಕಾಳಿಗೆ ಅಲ್ಲಿ ಲೆಕ್ಕವಿಲ್ಲ, ಆ ಕಾಳು ಮಣ್ಣಿಗೆ ಕೊಟ್ಟ ಸತ್ವಕ್ಕೂ ಲೆಕ್ಕವಿಲ್ಲ.

ಇನ್ನು ತಿನ್ನುವವರ ಕಡೆ ನೋಡಿ. ಸಾವಯವ ಎಂಬ ಚೀಟಿ ಅಂಟಿದ ಕೂಡಲೇ ಅದೇ ರಾಗಿ ಬೆಂಗಳೂರಿನ ಹವಾನಿಯಂತ್ರಿತ ಅಂಗಡಿ ಸೇರಿ ಬೆಲೆ ಏರಿಸಿಕೊಳ್ಳುತ್ತದೆ. ಆ ಚೀಟಿಗೆ ವಾರ್ಷಿಕ ಬೆಳೆಗಾರ ಎರಡು ವರ್ಷ ಪರಿವರ್ತನೆಯ ಅವಧಿ ದಾಟಬೇಕು, ಕಾಗದ ಪತ್ರ ಇಡಬೇಕು. ಕಾರುಳ್ಳವನಿಗೆ ವಿಷವಿಲ್ಲದ ಮುದ್ದೆ, ಕೂಲಿಯವನಿಗೆ ಸಿಕ್ಕಿದ್ದು. ಒಳ್ಳೆಯ ಅನ್ನವೂ ಶ್ರೀಮಂತರ ಶೋಕಿಯಾದರೆ ಅದಕ್ಕೆ ಸರ್ಕಾರ ಯಾಕೆ ಬೇಕು?

ಹಾಗಾದರೆ ನಾಳೆಯಿಂದಲೇ ಯೂರಿಯಾ ಬಂದ್ ಮಾಡೋಣವೇ? ಆ ಹುಚ್ಚುತನವನ್ನು ನೆರೆಯ ಶ್ರೀಲಂಕಾ 2021ರಲ್ಲಿ ಮಾಡಿ ನೋಡಿತು. ರಾತ್ರೋರಾತ್ರಿ ರಸಗೊಬ್ಬರ ಆಮದು ನಿಲ್ಲಿಸಿದರು. ಭತ್ತ ಕುಸಿಯಿತು, ರೈತರು ಬೀದಿಗೆ ಬಂದರು, ಅದೇ ವರ್ಷ ನವೆಂಬರಿನಲ್ಲಿ ಆಜ್ಞೆ ವಾಪಸು. ನಮ್ಮ ರಾಗಿಯ ಇಳುವರಿ ಏರಿದ್ದರಲ್ಲೂ ವಿಜ್ಞಾನದ ಪಾಲಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿ ತೆಗೆಯದಿದ್ದರೆ ಈ ಮೂಟೆಗಳೇ ಇರುತ್ತಿರಲಿಲ್ಲ. ಇತ್ತ ರಸಗೊಬ್ಬರ ಬಿಟ್ಟೂ ಬೇಸಾಯ ಮಾಡಬಹುದೆಂದು 2019ರಲ್ಲಿ ತೀರಿಕೊಂಡ ದೊಡ್ಡಬಳ್ಳಾಪುರದ ಎಲ್. ನಾರಾಯಣರೆಡ್ಡಿ ತಮ್ಮ ಹೊಲದಲ್ಲೇ ತೋರಿಸಿದ್ದರು. ಇಬ್ಬರ ದಾರಿಯೂ ಬೇಕು. ಬೇಡವಾದದ್ದು ಬಡ ರೈತನ ಖರ್ಚಿನಲ್ಲಿ ಮಾಡುವ ಪ್ರಯೋಗ.

ಮಾಡಬೇಕಾದದ್ದು ಬ್ರಹ್ಮವಿದ್ಯೆಯಲ್ಲ. ಕರ್ನಾಟಕ ಸಾವಯವ ಕೃಷಿ ನೀತಿ ತಂದದ್ದು 2004ರಲ್ಲಿ. 2024ರ ಫೆಬ್ರವರಿಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವುದು ಶುರುವಾಯಿತು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಮಕ್ಕಳ ಮೂಳೆಗೆ ಇದಕ್ಕಿಂತ ಬೇಕೆ? ಒಳ್ಳೆಯ ಕೆಲಸ. ಆದರೆ 'ಆ ಹಿಟ್ಟು ಯಾವೂರ ರಾಗೀದು?' ಎಂದು ಈ ರೈತ ಕೇಳುತ್ತಾನೆ. ಅವನ ಮಗಳು ಓದುವ ಶಾಲೆ ಅವನ ಹೊಲದಿಂದ ಕೂಗಳತೆ ದೂರ. ಒಡಿಶಾ ರಾಜ್ಯ 2017ರಲ್ಲಿ ಸಿರಿಧಾನ್ಯ ಮಿಷನ್ ಶುರು ಮಾಡಿ ಬುಡಕಟ್ಟು ರೈತರ ರಾಗಿ ಕೊಂಡು ರೇಷನ್ನಿಗೂ ಅಂಗನವಾಡಿಯ ಲಾಡುವಿಗೂ ಬಳಸಿತು. ರಾಗಿಯ ಸೀಮೆ ಎನಿಸಿಕೊಂಡ ನಮಗೆ ಅದು ಆಗದೇ?

ತಾಲ್ಲೂಕಿನ ಶಾಲೆ, ಹಾಸ್ಟೆಲು, ಅಂಗನವಾಡಿಗಳಿಗೆ ಬೇಕಾದ ರಾಗಿಯನ್ನು ಮೊದಲು ಅದೇ ತಾಲ್ಲೂಕಿನ ಸಣ್ಣ ರೈತರಿಂದ ಕೊಳ್ಳಲಿ. ತಿಪ್ಪೆಗೊಬ್ಬರದ ರಾಗಿಗೆ ಬೇರೆ ರಾಶಿ, ಬೇರೆ ಬೆಲೆ ಇರಲಿ. ಐದು ರೈತರು ಗುಂಪು ಕಟ್ಟಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಸಾಕ್ಷಿಯಾಗುವ ಪಿ.ಜಿ.ಎಸ್. ದೃಢೀಕರಣ ಈಗಾಗಲೇ ಇದೆ, ಅದನ್ನು ನಂಬಲಿ. ಇಳುವರಿ ಬೀಳುವ ಮೊದಲ ಮೂರು ವರ್ಷ ಎಕರೆಗೆ ಇಂತಿಷ್ಟು ಎಂದು ನಷ್ಟ ಕಟ್ಟಿಕೊಡಲಿ. ಯೂರಿಯಾಗೆ ಕೊಡುವವರಿಗೆ ತಿಪ್ಪೆಗೆ ಕೊಡಲು ಕೈ ಯಾಕೆ ನಡುಗಬೇಕು? ಕಣದಲ್ಲಿ ರಾಗಿ ಇರುವಾಗಲೇ ಖರೀದಿ ಕೇಂದ್ರದ ಬಾಗಿಲು ತೆಗೆಯಲಿ.

ಪುನರ್ವಸು ಮಳೆಗೆ ಬಿತ್ತನೆ. ಅಷ್ಟರೊಳಗೆ ಈ ರೈತ ತೀರ್ಮಾನ ಮಾಡಲೇಬೇಕು. 'ಮಣ್ಣು ಬದುಕ್ತಾ ಐತೆ. ಅದು ಬದುಕೋ ತನಕ ನಾನು ಬದುಕಿರ್ಬೇಕಲ್ಲ' ಎನ್ನುತ್ತಾನೆ. ಈ ಸಾರಿ ಆತ ಸೊಸೈಟಿಯ ಮುಂದೆ ಯೂರಿಯಾ ಕ್ಯೂನಲ್ಲಿ ನಿಂತರೆ ಅದು ಅವನ ಸೋಲಲ್ಲ. ಶಾಮಿಯಾನದ ಕೆಳಗೆ ಚಿತ್ರಾನ್ನ ತಿಂದವರ ಸೋಲು. ಸಂಬಂಧಪಟ್ಟವರು ಮುಂದಿನ ಭಾಷಣಕ್ಕೆ ಮುಂಚೆ ಖರೀದಿ ಕೇಂದ್ರದ ರಿಜಿಸ್ಟರಿನಲ್ಲಿ ಒಂದು ಕಾಲಂ ಹೆಚ್ಚಿಗೆ ಗೆರೆ ಎಳೆಯುವರೇ?